ಪರ್ಸೆಂಟ್ ಎಷ್ಟು ಬರೆಸಬೇಕು ಸಿಸ್ಟರ್?

(ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡು ಭಾಗದ ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಹಾಗೂ ಕಾರ್ಯಕರ್ತರ ತರಬೇತಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಿಗ್ಗೆ ನೀವು ಹೆಸರು ನೋಂದಾಯಿಸುತ್ತಿದ್ದಾಗಲೇ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. "ಸಿಸ್ಟರ್, ನನ್ನ ಮಗನ ಕೈ ಮುರಿದೈತೆ. ಕೇಸು ಹಾಕಬೇಕು ಅಂತಾರೆ. ಡಾಕ್ಟರ್ ಹತ್ರ ಪರ್ಸೆಂಟ್ ಎಷ್ಟು ಬರೆಸಬೇಕು?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಅವರು ಕೇಳಿದ್ದು ಸಂತೆಯಲ್ಲಿ ಮೆಣಸಿನಕಾಯಿ ದರ ಕೇಳಿದ ಹಾಗಿತ್ತು. ಆಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಯಿತು. ಈ ಪ್ರಶ್ನೆಯನ್ನು ಅವರಿಗೆ ಕಲಿಸಿದವರು ನಾವೇ. ಆಸ್ಪತ್ರೆ ಬಾಗಿಲಲ್ಲಿ ನಿಲ್ಲುವ ಏಜೆಂಟರು, ಕೋರ್ಟಿನ ಮುಂದಿನ ಟೀ ಅಂಗಡಿಯವರು, ನಮ್ಮಂಥ ಸಂಸ್ಥೆಯವರು ಎಲ್ಲರೂ ಕೂಲಿಕಾರನ ಕೈಕಾಲಿನ ವಿಷಯ ಬಂದಾಗ ಪರ್ಸೆಂಟ್ ಲೆಕ್ಕವನ್ನೇ ಮಾತಾಡುತ್ತೇವೆ. ಆ ಪರ್ಸೆಂಟ್ ಯಾವುದರ ಪರ್ಸೆಂಟ್, ಅದನ್ನು ಯಾರು ಹೇಳಬೇಕು, ಯಾವ ಕಾಗದದ ಆಧಾರದ ಮೇಲೆ ಹೇಳಬೇಕು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಇವತ್ತು ನಾನು ಅದೊಂದನ್ನೇ ಹೇಳಲು ಬಂದಿದ್ದೇನೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ.

2013ನೇ ಇಸವಿ. ಸಿರುಗುಪ್ಪ ತಾಲ್ಲೂಕಿನ ಒಂದು ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ ಒಬ್ಬರಿದ್ದರು. ವಯಸ್ಸು 32. ಹೆಸರು ಬೇಡ, ಅಣ್ಣ ಎಂದೇ ಕರೆಯುತ್ತೇನೆ. ನಮ್ಮ ಕಡೆ ಭತ್ತದ ಚೀಲ ಅಂದರೆ 75 ಕೆ.ಜಿ. ಎಂದು ನಿಮಗೆಲ್ಲ ಗೊತ್ತು. ಲಾರಿಗೆ ಹಾಕಿದ್ದ ಹಲಗೆ ಜಾರಿ, ಚೀಲದ ಸಮೇತ ಕೆಳಗೆ ಬಿದ್ದರು. ಬಲ ಭುಜದ ಹತ್ತಿರ ಮೂಳೆ ಮುರಿಯಿತು. ಅವರ ಹೆಂಡತಿ ನಮ್ಮ ಸಂಘದ ಸದಸ್ಯೆ. ಫೋನ್ ಬಂತು, ನಾನು ಆಸ್ಪತ್ರೆಗೆ ಹೋದೆ. ಮಿಲ್ಲಿನ ಗುಮಾಸ್ತರೂ ಅಲ್ಲಿದ್ದರು. ಒಳ್ಳೆಯ ಮನುಷ್ಯರೇ, ಗಾಬರಿಯಾಗಿದ್ದರು. "ಸಿಸ್ಟರ್, ಮಿಲ್ಲಲ್ಲಿ ಬಿದ್ದ ಅಂದ್ರೆ ಪೊಲೀಸ್ ಕೇಸಾಗ್ತದೆ, ಟ್ರೀಟ್‌ಮೆಂಟ್ ತಡ ಆಗ್ತದೆ. ಮನೆ ಮೆಟ್ಟಿಲ ಮೇಲಿಂದ ಬಿದ್ದ ಅಂತ ಬರೆಸ್ರಿ. ಖರ್ಚೆಲ್ಲಾ ಸಾವುಕಾರ್ರು ನೋಡ್ಕೊಂತಾರೆ" ಅಂದರು. ಅಣ್ಣ ನೋವಿನಲ್ಲಿ ನನ್ನ ಮುಖ ನೋಡಿದರು. ನಾನು ಸುಮ್ಮನಿದ್ದೆ. ಡ್ಯೂಟಿ ಡಾಕ್ಟರು ಮನೆಯಲ್ಲಿ ಬಿದ್ದು ಗಾಯ ಎಂದು ಬರೆದುಕೊಂಡರು.

ಸಮಾಜಕಾರ್ಯದಲ್ಲಿ ಎಂ.ಎ. ಓದಿದ್ದೇನೆ. ಆ ದಿನ ಆ ಓದು ಏನೂ ಉಪಯೋಗಕ್ಕೆ ಬರಲಿಲ್ಲ. ಪೊಲೀಸ್ ಕೇಸಾದರೆ ಚಿಕಿತ್ಸೆ ತಡವಾಗುತ್ತದೆ ಎಂಬುದೇ ಸುಳ್ಳು. ಮೊದಲು ಜೀವ ಉಳಿಸಬೇಕು, ಕಾನೂನಿನ ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. ಸರ್ಕಾರಿ ಆಸ್ಪತ್ರೆಗೂ ಖಾಸಗಿ ಆಸ್ಪತ್ರೆಗೂ ಅದು ಅನ್ವಯಿಸುತ್ತದೆ. ನನಗೆ ಅದು ಗೊತ್ತಿತ್ತು. ಆದರೂ ಮಿಲ್ಲಿನವರು ಮುನಿಸಿಕೊಂಡು ಹೊರಟುಹೋದರೆ ಆಪರೇಷನ್ ಖರ್ಚಿಗೆ ಏನು ಮಾಡುವುದು ಎಂದು ಹೆದರಿದೆ.

ಆಪರೇಷನ್ ಆಯಿತು, ಪ್ಲೇಟ್ ಹಾಕಿದರು. ಸಾವುಕಾರರು ಮೊದಲ ಬಿಲ್ಲು ಕಟ್ಟಿದರು, ಎರಡನೆಯದಕ್ಕೆ ಅರ್ಧ ಕೊಟ್ಟರು, ಮೂರನೆಯದಕ್ಕೆ ಫೋನ್ ಎತ್ತಲಿಲ್ಲ. ವರ್ಷ ಕಳೆದರೂ ಅಣ್ಣನ ಕೈ ಭುಜದಿಂದ ಮೇಲಕ್ಕೆ ಏಳಲಿಲ್ಲ. ತಲೆ ಮೇಲೆ, ಬೆನ್ನ ಮೇಲೆ ಚೀಲ ಹೊರುವವನಿಗೆ ಭುಜ ಏಳದಿದ್ದರೆ ಏನು ಉಳಿಯಿತು ನೀವೇ ಹೇಳಿ. ಕೇಸು ಹಾಕಿದೆವು.

ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಮೊದಲು ತೋರಿಸಿದ್ದೇ ಆಸ್ಪತ್ರೆಯ ಆ ಮೊದಲ ಚೀಟಿ. ಮನೆಯಲ್ಲಿ ಬಿದ್ದವನಿಗೆ ಮಿಲ್ಲು ಯಾಕೆ ಪರಿಹಾರ ಕೊಡಬೇಕು? ಜೊತೆಗೆ ಕೆಲಸ ಮಾಡುತ್ತಿದ್ದ ಇಬ್ಬರು ಹಮಾಲರು ಧೈರ್ಯವಾಗಿ ಬಂದು ಸಾಕ್ಷಿ ಹೇಳಿದ್ದರಿಂದ ಆ ಗಂಡಾಂತರ ತಪ್ಪಿತು. ಅದಕ್ಕೇ ಎರಡು ವರ್ಷ ಹೋಯಿತು.

ಆಮೇಲೆ ಡಾಕ್ಟರ ಸಾಕ್ಷಿ. ಅವರು ಆಪರೇಷನ್ ಮಾಡಿದವರಲ್ಲ. ನಾವು ಕೊನೆ ಗಳಿಗೆಯಲ್ಲಿ ಹುಡುಕಿದವರು. ಹದಿನೈದು ನಿಮಿಷ ನೋಡಿ, ಎಕ್ಸ್‌ರೇ ತೆಗೆಸಿ, ಬಲಗೈಗೆ ಶೇ. 45, ಇಡೀ ದೇಹಕ್ಕೆ ಶೇ. 15 ಅಂಗವೈಕಲ್ಯ ಎಂದು ಬರೆದರು. ಪಾಟೀಸವಾಲಿನಲ್ಲಿ ವಕೀಲರು ಕೇಳಿದ್ದು ಮೂರೇ ಪ್ರಶ್ನೆ. ನೀವು ಚಿಕಿತ್ಸೆ ಮಾಡಿದವರೇ? ಅಲ್ಲ. ಇವರು ಏನು ಕೆಲಸ ಮಾಡುತ್ತಿದ್ದರು ಎಂದು ನಿಮ್ಮ ವರದಿಯಲ್ಲಿ ಇದೆಯೇ? ಇಲ್ಲ. ವಾಚ್‌ಮನ್ ಕೆಲಸ ಮಾಡಬಹುದೇ? ಮಾಡಬಹುದು. ಅಷ್ಟೇ, ಡಾಕ್ಟರು ಇಳಿದು ಹೋದರು.

ಶೇ. 20 ಎಂದು ತೀರ್ಪಾಯಿತು. ಇದರ ಲೆಕ್ಕ ನಿಮಗೆ ತಿಳಿಯಬೇಕು. ಶಾಶ್ವತವಾಗಿ ಪೂರ್ತಿ ದುಡಿಮೆ ಹೋದವರಿಗೆ ತಿಂಗಳ ಕೂಲಿಯ ಶೇ. 60ನ್ನು ವಯಸ್ಸಿನ ಅಂಶದಿಂದ ಗುಣಿಸುತ್ತಾರೆ. 32 ವರ್ಷಕ್ಕೆ ಆ ಅಂಶ 203.85. ಆಗ ಲೆಕ್ಕಕ್ಕೆ ಹಿಡಿಯುತ್ತಿದ್ದ ಕೂಲಿಯ ಮಿತಿ ತಿಂಗಳಿಗೆ 8,000 ರೂಪಾಯಿ. ಅದರ ಶೇ. 60 ಅಂದರೆ 4,800. ಗುಣಿಸಿದರೆ 9,78,480 ರೂಪಾಯಿ. ಅದರಲ್ಲಿ ಶೇ. 20 ಅಂದರೆ 1,95,696. ಮೇಲೆ ಬಡ್ಡಿ ಬಂತು, ಇಲ್ಲ ಎನ್ನುವುದಿಲ್ಲ. ಮೂವತ್ತೆರಡನೇ ವಯಸ್ಸಿಗೆ ಚೀಲ ಹೊರುವುದು ನಿಂತುಹೋದ ಮನುಷ್ಯನಿಗೆ ಎರಡು ಲಕ್ಷ.

ಈಗ ಆ ಮೂರು ಪರ್ಸೆಂಟ್‌ಗಳ ವಿಷಯಕ್ಕೆ ಬರೋಣ. ಒಂದು, ಆ ಅಂಗಕ್ಕೆ ಆದ ಊನ. ಭುಜ ಎಷ್ಟು ಡಿಗ್ರಿ ಏಳುತ್ತದೆ, ಮೊಣಕಾಲು ಎಷ್ಟು ಮಡಚುತ್ತದೆ, ಹಿಡಿತ ಎಷ್ಟಿದೆ ಎಂದು ಅಳೆದು ಹೇಳುವುದು. ಎರಡನೆಯದು, ಇಡೀ ದೇಹಕ್ಕೆ ಹೋಲಿಸಿದರೆ ಆ ಊನ ಎಷ್ಟು ಎಂಬುದು. ನಮ್ಮ ಕರ್ನಾಟಕದ ಕೋರ್ಟುಗಳಲ್ಲಿ, ಮುಖ್ಯವಾಗಿ ವಾಹನ ಅಪಘಾತದ ಕೇಸುಗಳಲ್ಲಿ, ಕೈಗೋ ಕಾಲಿಗೋ ಹೇಳಿದ್ದರ ಮೂರನೇ ಒಂದು ಭಾಗ ಹಿಡಿಯುವುದು ರೂಢಿಯಾಗಿಬಿಟ್ಟಿದೆ. 45 ಇದ್ದದ್ದು 15 ಆಗುವುದು ಹೀಗೆ. ಮೂರನೆಯದು ದುಡಿಯುವ ಶಕ್ತಿ ಎಷ್ಟು ಹೋಯಿತು ಎಂಬುದು. ಕಾರ್ಮಿಕರ ಪರಿಹಾರದ ಕಾನೂನು ಕೇಳುವುದು ಈ ಮೂರನೆಯದನ್ನು. ಅಪಘಾತದ ಹೊತ್ತಿಗೆ ಆತ ಯಾವ ಯಾವ ಕೆಲಸ ಮಾಡಬಲ್ಲವನಾಗಿದ್ದನೋ ಆ ಕೆಲಸಗಳಲ್ಲಿ ಅವನ ಗಳಿಕೆಯ ಸಾಮರ್ಥ್ಯ ಎಷ್ಟು ಕಡಿಮೆಯಾಯಿತು ಎಂದು ಕೇಳುತ್ತದೆ. ನಮ್ಮ ಡಾಕ್ಟರು ಮೊದಲ ಎರಡಕ್ಕೆ ಉತ್ತರ ಕೊಟ್ಟು ಹೋದರು. ಮೂರನೆಯದನ್ನು ನಾವು ಅವರಿಗೆ ಕೇಳಲೇ ಇಲ್ಲ.

ಕೆಲವು ಗಾಯಗಳಿಗೆ ಈ ತಕರಾರು ಇಲ್ಲ. ಕಾನೂನಿನ ಪಟ್ಟಿಯಲ್ಲೇ ಇಷ್ಟು ಎಂದು ಬರೆದಿದೆ. ಹೆಬ್ಬೆರಳು ಹೋದರೆ ಶೇ. 30. ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳು 12. ಒಂದು ಕೈಯ ನಾಲ್ಕು ಬೆರಳು ಹೋದರೆ 50. ಒಂದು ಕಣ್ಣು ಹೋಗಿ ಇನ್ನೊಂದು ಚೆನ್ನಾಗಿದ್ದರೆ 40. ಕಣ್ಣುಗುಡ್ಡೆ ಹಾಗೇ ಇದ್ದು ದೃಷ್ಟಿ ಮಾತ್ರ ಹೋದರೆ 30. ಕುರುಗೋಡು ಕಡೆ ಕಲ್ಲು ಒಡೆಯುವವರಿಗೆ, ಕ್ರಷರಿನವರಿಗೆ ಇದು ಬೇಕಾದ ಮಾಹಿತಿ, ಬರೆದುಕೊಳ್ಳಿ. ಅಂಗ ಇದ್ದೂ ಅದರ ಉಪಯೋಗ ಪೂರ್ತಿಯಾಗಿ, ಶಾಶ್ವತವಾಗಿ ಹೋಗಿದ್ದರೆ ಅಂಗವೇ ಹೋದ ಲೆಕ್ಕ. ಜಗಳವೆಲ್ಲ ಪಟ್ಟಿಯಲ್ಲಿ ಇಲ್ಲದ ಗಾಯಗಳದ್ದು. ಮುರಿದ ಮೂಳೆ ಸೊಟ್ಟಗೆ ಕೂಡಿಕೊಂಡಿದ್ದು, ಕೀಲು ಬಿಗಿದುಕೊಂಡಿದ್ದು, ಬೆನ್ನುಮೂಳೆಯ ಏಟು, ನರದ ಏಟು. ಇವಕ್ಕೆ ಅರ್ಹ ವೈದ್ಯರು ಗಳಿಕೆಯ ಸಾಮರ್ಥ್ಯ ಎಷ್ಟು ಹೋಗಿದೆ ಎಂದು ಅಂದಾಜು ಮಾಡಿ ಹೇಳಬೇಕು. ಕಾನೂನಿನ ಮಾತೇ ಅದು.

ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ ದಾರಿ ಹಳೆಯದು. 1975ರ ಡಿಸೆಂಬರಿನಲ್ಲಿ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದ ತೀರ್ಪು ಬಂತು. ಒಬ್ಬ ಬಡಗಿಯ ಎಡಗೈಯನ್ನು ಮೊಣಕೈಗಿಂತ ಮೇಲೆ ಕತ್ತರಿಸಬೇಕಾಯಿತು. ಒಂದೇ ಕೈ ಹೋಗಿದೆ, ಇದು ಭಾಗಶಃ ಊನ ಎಂದು ಮಾಲೀಕರ ವಾದ. ಒಂದು ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ಪೂರ್ತಿ ಎಂದು ಕೋರ್ಟ್ ಹೇಳಿತು. 2008ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಕೆ. ಜನಾರ್ದನ್ ಪ್ರಕರಣ. ಟ್ಯಾಂಕರ್ ಲಾರಿ ಡ್ರೈವರಿನ ಬಲಗಾಲು ಮೊಣಕಾಲಿನವರೆಗೆ ಹೋಗಿತ್ತು. ಕಮಿಷನರು ಶೇ. 100 ಅಂದರು, ಹೈಕೋರ್ಟ್ 65ಕ್ಕೆ ಇಳಿಸಿತು, ಸುಪ್ರೀಂ ಕೋರ್ಟ್ ಮತ್ತೆ 100 ಮಾಡಿತು. ಕಾಲಿಲ್ಲದವನು ಲಾರಿ ಓಡಿಸುವುದು ಹೇಗೆ? 2023ರ ಇಂದ್ರಾ ಬಾಯಿ ಪ್ರಕರಣ ನಮ್ಮ ಹೆಣ್ಣುಮಕ್ಕಳಿಗೆ ಹತ್ತಿರದ್ದು. ಲೋಡಿಂಗ್ ಅನ್‌ಲೋಡಿಂಗ್ ಮಾಡುವ ಕೂಲಿ ಹೆಣ್ಣುಮಗಳು. ಎಡಗೈಗೆ ಶೇ. 50 ಎಂದು ಸರ್ಟಿಫಿಕೇಟ್ ಇತ್ತು. ಎರಡೂ ಕೈ ಬೇಕಾದ ಆ ಕೆಲಸ ಇನ್ನು ಅವರಿಂದ ಆಗದು ಎಂದು ಪೂರ್ತಿ ಪರಿಹಾರಕ್ಕೆ ಆದೇಶವಾಯಿತು.

2010ರ ರಾಜ್‌ಕುಮಾರ್ ಪ್ರಕರಣ ವಾಹನ ಅಪಘಾತದ್ದು, ಆದರೆ ಪರಿಹಾರದ ಎಲ್ಲ ಕೇಸಿನಲ್ಲೂ ವಕೀಲರು ಅದನ್ನು ಓದುತ್ತಾರೆ. ಎಡಗೈ ಹೋದ ಡ್ರೈವರ್ ಅಥವಾ ಬಡಗಿಗೆ ಹೆಚ್ಚುಕಡಿಮೆ ಇಡೀ ದುಡಿಮೆಯೇ ಹೋದಂತೆ, ಅದೇ ಎಡಗೈ ಹೋದ ಸರ್ಕಾರಿ ಗುಮಾಸ್ತರ ಸಂಬಳಕ್ಕೆ ಏನೂ ಆಗದೇ ಇರಬಹುದು ಎಂದು ಅದರಲ್ಲಿ ವಿವರಿಸಿದ್ದಾರೆ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಅದನ್ನು ನಮ್ಮ ಕಡೆಯವರು ಓದಿ ಹೇಳುವುದಿಲ್ಲ. ಚಿಕಿತ್ಸೆ ಮಾಡದೇ, ಕೇಳಿದಷ್ಟು ಪರ್ಸೆಂಟ್ ಬರೆದುಕೊಡುವ ಡಾಕ್ಟರುಗಳ ಬಗ್ಗೆ ಎಚ್ಚರ ಇರಲಿ, ಅನುಮಾನ ಬಂದರೆ ಮೆಡಿಕಲ್ ಬೋರ್ಡಿಗೆ ಕಳಿಸಿ ಎಂದು ಅದು ಹೇಳುತ್ತದೆ. ಏಜೆಂಟರ ಹಿಂದೆ ಹೋಗಿ 70, 80 ಬರೆಸಿಕೊಂಡು ಬಂದವರ ಕೇಸು ಬಿದ್ದುಹೋಗುವುದು ಇಲ್ಲಿಯೇ. ಅದರಿಂದ ನಿಜವಾಗಿ ನೊಂದವನ ಸರ್ಟಿಫಿಕೇಟನ್ನೂ ಜಡ್ಜರು ಅನುಮಾನದಿಂದ ನೋಡುವ ಹಾಗಾಗಿದೆ. ನನಗೆ ಅವರ ಮೇಲೆ ಬರುವ ಸಿಟ್ಟು ಮಾಲೀಕರ ಮೇಲೂ ಬರುವುದಿಲ್ಲ.

ಈಗ ಕುರುಗೋಡಿನ ತಂಗಿಯ ವಿಷಯ ಹೇಳುತ್ತೇನೆ. ಸಿರುಗುಪ್ಪದ ಅಣ್ಣನ ಕೇಸಿನಲ್ಲಿ ಪೆಟ್ಟು ತಿಂದ ಮೇಲೆ ನಾವು ಮಾಡಿದ ಕೇಸು ಅದು. ಕಲ್ಲಿನ ಕ್ರಷರಿನಲ್ಲಿ ಬೆಲ್ಟಿಗೆ ಬಲಗೈ ಸಿಕ್ಕಿ ತೋರುಬೆರಳು, ನಡುಬೆರಳು ಹೋದವು. ಹೆಬ್ಬೆರಳು ಉಳಿಯಿತು, ಆದರೆ ಮಡಚುವುದಿಲ್ಲ. ಪಟ್ಟಿಯ ಪ್ರಕಾರ ಎರಡು ಬೆರಳಿಗೆ ಶೇ. 20, ಅಷ್ಟೇ ಕೊಡುತ್ತೇವೆ ಎಂದರು ಎದುರಿನವರು. ಈ ಸಲ ಆಸ್ಪತ್ರೆಯ ಮೊದಲ ಚೀಟಿಯಲ್ಲೇ ಕ್ರಷರ್ ಬೆಲ್ಟಿಗೆ ಸಿಕ್ಕಿ ಎಂದು ಬರೆಸಿದ್ದೆವು. ನಮ್ಮ ಕಾರ್ಯಕರ್ತೆ ಆ ಹೊತ್ತಿನಲ್ಲಿ ಒಂಟಿಯಾಗಿ ನಿಂತು ಮೇಸ್ತ್ರಿಯ ಜೊತೆ ವಾದ ಮಾಡಿದಳು, ನನಗಿಂತ ಗಟ್ಟಿ ಅವಳು.

ಚಿಕಿತ್ಸೆ ಮಾಡಿದ ಡಾಕ್ಟರ ಹತ್ತಿರವೇ ಹೋದೆವು. ಹೋಗುವ ಮುಂಚೆ ಅವಳ ಮನೆಯಲ್ಲಿ ಕೂತು ಒಂದು ಹಾಳೆ ಬರೆದೆವು. ವರ್ಷದ ಹನ್ನೆರಡು ತಿಂಗಳಲ್ಲಿ ಅವಳು ಏನೇನು ಕೆಲಸ ಮಾಡುತ್ತಿದ್ದಳು? ಬೇಸಿಗೆಯಲ್ಲಿ ಕ್ರಷರು, ಸುತ್ತಿಗೆ ಹಿಡಿಯುವುದು, ಬುಟ್ಟಿ ಎತ್ತುವುದು. ಮಳೆಗಾಲದಲ್ಲಿ ಸಸಿ ನಾಟಿ, ಕಳೆ. ಆಮೇಲೆ ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು. ಇಷ್ಟರಲ್ಲಿ ಬೆರಳಿಲ್ಲದೆ ಆಗುವುದು ಯಾವುದು? ಅಲ್ಲಿ ಅವಳ ಅತ್ತೆ ಒಂದು ಮಾತು ಅಂದರು. "ಡಾಕ್ಟರ್‌ಗೆ ಬಾಯಲ್ಲಿ ಹೇಳಿದ್ರೆ ತಿಳೀತದಾ ಸಿಸ್ಟರಮ್ಮಾ, ಕೈಯಲ್ಲಿ ಮಾಡಿ ತೋರಿಸಬೇಕು" ಅಂತ ಹೇಳಿ ಒಂದು ಹಿಡಿ ಒಣಮೆಣಸಿನಕಾಯಿ, ಒಂದಿಷ್ಟು ಹತ್ತಿ ತೊಳೆಯನ್ನು ಕವರಿಗೆ ಹಾಕಿಕೊಟ್ಟರು.

ಡಾಕ್ಟರು ಮೊದಲು ನಕ್ಕರು. ಆಮೇಲೆ ಮೇಜಿನ ಮೇಲೆ ಹರಡಿ, "ತಗೋ ನೋಡೋಣಮ್ಮ" ಎಂದರು. ಅವಳು ಉಂಗುರದ ಬೆರಳು, ಕಿರುಬೆರಳಿನಿಂದ ಒತ್ತಿ ಹಿಡಿಯಲು ನೋಡಿದಳು. ಒಂದು ಕಾಯಿ ಎತ್ತುವುದರಲ್ಲಿ ಎರಡು ಜಾರಿದವು. ಹತ್ತಿಯನ್ನು ತೊಳೆಯಿಂದ ಎಳೆಯಲು ಆಗಲೇ ಇಲ್ಲ. ಅವರು ಹಿಡಿತ ಅಳೆದರು, ಹೆಬ್ಬೆರಳಿನ ಕೀಲು ಅಳೆದರು, ನಮ್ಮ ಹಾಳೆ ಓದಿದರು. ಬೆರಳುಗಳ ಊನವನ್ನೂ ಹೆಬ್ಬೆರಳಿನ ಬಿಗಿತವನ್ನೂ ಬೇರೆ ಬೇರೆ ಬರೆದು, ಈ ಹೆಣ್ಣುಮಗಳು ಮಾಡುತ್ತಿದ್ದ ಇಂತಿಂಥ ಕೆಲಸಗಳಿಗೆ ಚಿಮಟಿ ಹಿಡಿತ ಅಗತ್ಯ, ಅದು ಶಾಶ್ವತವಾಗಿ ಹೋಗಿದೆ, ಆದ್ದರಿಂದ ಗಳಿಕೆಯ ಸಾಮರ್ಥ್ಯದಲ್ಲಿ ಶೇ. 50 ನಷ್ಟ ಎಂದು ಕಾರಣ ಸಹಿತ ಬರೆದರು. ನಾವು 50 ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ 35 ಬಂದರೆ ಸಾಕು ಎಂದುಕೊಂಡಿದ್ದೆ. ಪಾಟೀಸವಾಲಿನಲ್ಲಿ ಇವರಿಗೂ ಅದೇ ಪ್ರಶ್ನೆ ಬಂತು. ಬೇರೆ ಕೆಲಸ ಮಾಡಬಹುದಲ್ಲವೇ? "ಅವರಿಗೆ ಗೊತ್ತಿರುವ ಕೆಲಸಗಳನ್ನು ನನ್ನ ವರದಿಯಲ್ಲಿ ಬರೆದಿದ್ದೇನೆ, ಅದರಲ್ಲಿ ಯಾವುದು ಹೇಳಿ" ಎಂದು ಡಾಕ್ಟರು ತಿರುಗಿ ಕೇಳಿದರು. ಶೇ. 50ನ್ನೇ ಒಪ್ಪಿದರು.

ಹಾಗೆಂದು ಎಲ್ಲ ಡಾಕ್ಟರುಗಳಿಗೂ ಇಷ್ಟು ಪುರುಸೊತ್ತು ಇರುವುದಿಲ್ಲ. ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ದೊಡ್ಡಾಸ್ಪತ್ರೆಯ ಮೂಳೆ ವಿಭಾಗದ ಮುಂದೆ ಸಾಲು ನೋಡಿದ್ದೀರಲ್ಲ. ಕೋರ್ಟಿಗೆ ಬಂದು ಅರ್ಧ ದಿನ ಕೂರುವುದು ಅವರಿಗೂ ಕಷ್ಟ. ಅದಕ್ಕೇ ನಾವು ಹಾಳೆ ತಯಾರು ಮಾಡಿಕೊಂಡು ಹೋಗಬೇಕು. ಕೈಯಲ್ಲಿ ಬರೆದ ಒಂದು ಪುಟ ಸಾಕು. ಮೊದಲ ಚೀಟಿ, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಕಾರ್ಡು, ಹಳೆಯ ಎಕ್ಸ್‌ರೇ, ಹೊಸ ಎಕ್ಸ್‌ರೇ ಎಲ್ಲ ದಿನಾಂಕದ ಪ್ರಕಾರ ಒಂದು ಫೈಲಿನಲ್ಲಿ ಇರಲಿ. ಎಕ್ಸ್‌ರೇ ಫಿಲಂ ಅನ್ನು ಮಡಚಿ ಟ್ರಂಕಿನಲ್ಲಿ ಇಡಬೇಡಿ, ಎಷ್ಟು ಸಲ ಹೇಳಿದ್ದೇನೆ! ಯಾವಾಗ ಅಳೆಸಬೇಕು ಎಂದೂ ಕೇಳುತ್ತೀರಿ. ಪ್ಲಾಸ್ಟರ್ ಬಿಚ್ಚಿದ ಮರುದಿನ ಅಲ್ಲ. ಚಿಕಿತ್ಸೆ, ವ್ಯಾಯಾಮ ಎಲ್ಲ ಮುಗಿದು ಇನ್ನು ಇದಕ್ಕಿಂತ ಸುಧಾರಿಸದು ಎಂಬ ಹಂತಕ್ಕೆ ಬಂದ ಮೇಲೆ. ಬೇಗ ಅಳೆಸಿದರೆ ಇದು ತಾತ್ಕಾಲಿಕ ಎಂದು ತಳ್ಳಿಹಾಕುತ್ತಾರೆ. ಆದರೆ ಅರ್ಜಿ ಹಾಕಲು ಎರಡು ವರ್ಷದ ಗಡುವು ಇದೆ, ಅದನ್ನು ಮರೆತು ಕೂರಬೇಡಿ. ನಡುವೆ ಕೆಲಸಕ್ಕೆ ಹೋಗಲಾಗದ ತಿಂಗಳುಗಳಿಗೆ ತಾತ್ಕಾಲಿಕ ಪರಿಹಾರ ಬೇರೆಯೇ ಇದೆ, ಕೂಲಿಯ ಶೇ. 25ರಂತೆ ಹದಿನೈದು ದಿನಕ್ಕೊಮ್ಮೆ. ಚಿಕಿತ್ಸೆಯ ಖರ್ಚನ್ನು ಕೊಡಬೇಕು ಎಂಬ ನಿಯಮ 2009ರ ತಿದ್ದುಪಡಿಯಿಂದ ಬಂದಿದೆ. ಇವೆರಡನ್ನು ಕೇಳುವವರೇ ಇಲ್ಲ.

ನಾಟಿ ಕಟ್ಟಿನ ವಿಷಯ ಹೇಳಲೇಬೇಕು, ಸಿಟ್ಟಾಗಬೇಡಿ. ಆಸ್ಪತ್ರೆಯಲ್ಲಿ ಆಪರೇಷನ್ ಅಂದ ಕೂಡಲೇ ಹೆದರಿ ಪುತ್ತೂರು ಕಟ್ಟಿಗೆ ಎಂದು ಗಾಡಿ ಮಾಡಿಕೊಂಡು ಆಂಧ್ರಕ್ಕೆ ಹೋಗುವುದು ನಮ್ಮ ಭಾಗದಲ್ಲಿ ಬಹಳ. ಅಲ್ಲಿ ಗುಣವಾದವರೂ ಇದ್ದಾರೆ, ನಾನು ಅದನ್ನು ಹಗುರ ಮಾಡುವುದಿಲ್ಲ. ಆದರೆ ಹೋಗುವಾಗ ಆಸ್ಪತ್ರೆಯ ಪುಸ್ತಕದಲ್ಲಿ, ವೈದ್ಯರ ಸಲಹೆಗೆ ವಿರುದ್ಧವಾಗಿ ಹೊರಟರು ಎಂದು ಬರೆದು ನಿಮ್ಮ ಸಹಿ ತೆಗೆದುಕೊಳ್ಳುತ್ತಾರೆ. ಮುಂದೆ ಮೂಳೆ ಸೊಟ್ಟಗೆ ಕೂಡಿದರೆ, ಇದು ಅಪಘಾತದಿಂದ ಆದ ಊನವಲ್ಲ, ಚಿಕಿತ್ಸೆ ಬಿಟ್ಟಿದ್ದರಿಂದ ಆದದ್ದು ಎಂದು ವಿಮಾ ಕಂಪನಿ ವಾದಿಸುತ್ತದೆ. ಕಟ್ಟು ಕಟ್ಟಿದವರ ಹತ್ತಿರ ಕೋರ್ಟು ಒಪ್ಪುವಂಥ ದಾಖಲೆ ಇರುವುದಿಲ್ಲ. ನಿರ್ಧಾರ ನಿಮ್ಮದು, ಇದನ್ನು ತಿಳಿದು ನಿರ್ಧರಿಸಿ.

ಅಂಗವಿಕಲರ ಕಾರ್ಡಿನ ಗೊಂದಲವೂ ಇದೆ. ಯು.ಡಿ.ಐ.ಡಿ. ಕಾರ್ಡಿನಲ್ಲಿ ಶೇ. 40 ಇದ್ದರೆ ಕೋರ್ಟಿನಲ್ಲೂ 40 ಬರುತ್ತದೆ ಎಂದು ತಿಳಿಯಬೇಡಿ. ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೌಲಭ್ಯಗಳಿಗಾಗಿ ದೇಹದ ಊನವನ್ನು ಅಳೆದದ್ದು. ನಿಮ್ಮ ಕೆಲಸ ಏನು ಎಂದು ಅದು ಕೇಳುವುದೇ ಇಲ್ಲ. ಮಾಡಿಸಿಕೊಳ್ಳಿ, ಅದು ಬೇಕು, ಆದರೆ ಪರಿಹಾರದ ಕೇಸಿಗೆ ಅದೊಂದೇ ಸಾಲದು.

ಮಾಲೀಕರು ತಮ್ಮ ಡಾಕ್ಟರ ಹತ್ತಿರ ಪರೀಕ್ಷೆಗೆ ಕರೆದರೆ ಹೋಗಬೇಕು. ಕಾರಣವಿಲ್ಲದೆ ಹೋಗದಿದ್ದರೆ ಪರಿಹಾರದ ಹಕ್ಕು ಅಷ್ಟು ದಿನ ಅಮಾನತಿನಲ್ಲಿ ಇರುತ್ತದೆ. ಒಬ್ಬರೇ ಹೋಗಬೇಡಿ. ಹೆಣ್ಣುಮಕ್ಕಳು ಇನ್ನೊಬ್ಬ ಹೆಣ್ಣುಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ. ಅಲ್ಲಿ ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಬೇಡಿ. ಇನ್ನು ಐವತ್ತು ಸಾವಿರ ಕೊಟ್ಟು, ಬಾಂಡ್ ಪೇಪರಿನಲ್ಲಿ ಇನ್ನು ಏನೂ ಕೇಳುವುದಿಲ್ಲ ಎಂದು ಬರೆಸಿಕೊಂಡವರು ನಿಮ್ಮಲ್ಲಿ ಇದ್ದರೆ ಎದೆಗುಂದಬೇಡಿ. ಶಾಶ್ವತ ಊನದ ರಾಜಿ ಒಪ್ಪಂದವನ್ನು ಪ್ರಾಧಿಕಾರದ ಮುಂದೆ ನೋಂದಾಯಿಸಬೇಕು. ಕಾನೂನಿನ ಹಕ್ಕನ್ನು ಹಾಗೆ ಬಾಂಡಿನಲ್ಲಿ ಬರೆದುಕೊಟ್ಟರೆ ಅದು ನಡೆಯುವುದಿಲ್ಲ.

ಇಷ್ಟೆಲ್ಲ ಮೊದಲೇ ಯಾಕೆ ಸಿದ್ಧ ಮಾಡಬೇಕು, ಸೋತರೆ ಮೇಲಿನ ಕೋರ್ಟ್ ಇಲ್ಲವೇ ಎಂದು ಕಳೆದ ಸಲ ಸಿರುಗುಪ್ಪದ ಯಜಮಾನರೊಬ್ಬರು ಕೇಳಿದ್ದರು. ಇದೆ, ಧಾರವಾಡದಲ್ಲಿ ಹೈಕೋರ್ಟ್ ಪೀಠ ಇದೆ. ಆದರೆ ಈ ಕಾನೂನಿನಲ್ಲಿ ಮೇಲ್ಮನವಿಯ ಬಾಗಿಲು ಬಹಳ ಕಿರಿದು. ಮಹತ್ವದ ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ ಒಳಗೆ. 2016ರ ನವೆಂಬರಿನಲ್ಲಿ ಗೊಲ್ಲ ರಾಜಣ್ಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. ಅದೂ ನಮ್ಮ ಕರ್ನಾಟಕದಿಂದ ಹೋದ ಕೇಸು. ಡಾಕ್ಟರ ಸಾಕ್ಷಿಯ ಮೇಲೆ ಕಮಿಷನರು ಕೊಟ್ಟ ಪರ್ಸೆಂಟನ್ನು ಹೈಕೋರ್ಟ್ ತಾನೇ ಸಾಕ್ಷ್ಯವನ್ನು ಮತ್ತೆ ತೂಗಿ ಕಡಿಮೆ ಮಾಡಿತ್ತು. ಹಾಗೆ ಮಾಡುವಂತಿಲ್ಲ, ಸಂಗತಿಗಳ ವಿಷಯದಲ್ಲಿ ಕಮಿಷನರದೇ ಕೊನೆಯ ಮಾತು ಎಂದು ತೀರ್ಪು ಬಂತು. ಆ ದಿನ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಖುಷಿ, ಇನ್ನು ವಿಮಾ ಕಂಪನಿಯವರು ಧಾರವಾಡಕ್ಕೆ ಹೋಗಿ ಪರ್ಸೆಂಟ್ ಕತ್ತರಿಸಲಾಗದು ಎಂದು. ಸಂಜೆ ನನಗೆ ಸಿರುಗುಪ್ಪದ ಅಣ್ಣ ನೆನಪಾದರು. ಕತ್ತಿ ಎರಡೂ ಕಡೆ ಹರಿತ. ಕೆಳಗಿನ ಕೋರ್ಟಿನಲ್ಲಿ ನಾವು ಡಾಕ್ಟರಿಗೆ ಕೇಳದೆ ಬಿಟ್ಟ ಪ್ರಶ್ನೆಯನ್ನು ಮೇಲೆ ಹೋಗಿ ಕೇಳಲಿಕ್ಕೆ ನಮಗೂ ಆಗುವುದಿಲ್ಲ. ವಕೀಲರು ಪ್ರಯತ್ನ ಮಾಡೋಣ ಎಂದಿದ್ದರು. ಅಣ್ಣ, "ಸಾಕು ಸಿಸ್ಟರ್, ಸಿರುಗುಪ್ಪದಿಂದ ಬಳ್ಳಾರಿಗೆ ತಿರುಗೇ ಸಾಕಾಗೇತಿ, ಇನ್ನು ಧಾರವಾಡ ಎಲ್ಲಿ" ಅಂದರು.

ಕಾನೂನಿನ ಹೆಸರು ಬದಲಾಗಿದೆ, ಅದನ್ನೂ ತಿಳಿದುಕೊಳ್ಳಿ. 1923ರ ವರ್ಕ್‌ಮೆನ್ಸ್ ಕಾಂಪೆನ್ಸೇಷನ್ ಕಾಯ್ದೆ 2010ರ ಜನವರಿಯಿಂದ ನೌಕರರ ಪರಿಹಾರ ಕಾಯ್ದೆ ಎಂದಾಯಿತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಹಳೆಯ ಕಾಯ್ದೆ ಅದರಲ್ಲಿ ಸೇರಿಹೋಗಿದೆ. ಕಮಿಷನರು ಎನ್ನುತ್ತಿದ್ದವರನ್ನು ಈಗ ಸಕ್ಷಮ ಪ್ರಾಧಿಕಾರ ಎನ್ನುತ್ತಾರೆ. ಗಾಯಗಳ ಪಟ್ಟಿ, ವಯಸ್ಸಿನ ಅಂಶ, ವೈದ್ಯರು ಗಳಿಕೆಯ ನಷ್ಟ ಹೇಳಬೇಕೆಂಬ ನಿಯಮ ಎಲ್ಲ ಹೊಸದರಲ್ಲೂ ಹಾಗೆಯೇ ಇವೆ. ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಮಿತಿಯನ್ನು 2020ರ ಜನವರಿ 3ರಿಂದ 15,000ಕ್ಕೆ ಏರಿಸಿದ್ದರು. 30 ವರ್ಷದವರಿಗೆ ಅಂಶ 207.98. ಆ ಕೂಲಿ ಸಾಬೀತಾದರೆ ಪೂರ್ತಿ ಪರಿಹಾರ 18,71,820 ರೂಪಾಯಿ. ಅಂದರೆ ಒಂದೊಂದು ಪರ್ಸೆಂಟೂ ಹದಿನೆಂಟು ಸಾವಿರಕ್ಕಿಂತ ಹೆಚ್ಚು. ಕೂಲಿಯನ್ನು ಸಾಬೀತು ಮಾಡುವುದು ಇನ್ನೊಂದು ದೊಡ್ಡ ಕತೆ, ಅದಕ್ಕೆ ಬೇರೆ ದಿನ ಇಟ್ಟುಕೊಳ್ಳೋಣ. ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯ ಪರಿಹಾರವೂ ಹಾಗೆಯೇ.

ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಅಲ್ಲಿ ಬಿದ್ದವರು ಅಲ್ಲಿಯೇ ಕೇಸು ಹಾಕಬೇಕಾಗಿಲ್ಲ, ತಾವು ವಾಸಿಸುವ ಊರಿನ ವ್ಯಾಪ್ತಿಯಲ್ಲಿ ಹಾಕಬಹುದು. ಟ್ರ್ಯಾಕ್ಟರ್, ಲಾರಿ ಅಪಘಾತದಲ್ಲಿ ಏಟಾದ ಕೂಲಿಯವರಿಗೆ ಮೋಟಾರು ವಾಹನ ಕಾಯ್ದೆ ಅಥವಾ ಈ ಕಾನೂನು, ಎರಡರಲ್ಲಿ ಒಂದು ಮಾತ್ರ. ಯಾವುದು ಲಾಭ ಎಂದು ವಕೀಲರನ್ನು ಕೇಳಿಯೇ ಹಾಕಿ. ಇ.ಎಸ್.ಐ. ಇರುವ ಕಾರ್ಖಾನೆಯವರದು ಬೇರೆ ದಾರಿ, ಅಲ್ಲಿ ಇ.ಎಸ್.ಐ.ನ ಮೆಡಿಕಲ್ ಬೋರ್ಡೇ ಪರ್ಸೆಂಟ್ ನಿರ್ಧರಿಸುತ್ತದೆ. ವಕೀಲರ ಫೀಸಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಊಟಕ್ಕೆ ಬಿಡುವ ಹೊತ್ತಾಯಿತು. ಬೆಳಿಗ್ಗೆ ಮಾತಾಡಿದ ಆ ತಾಯಿ ಎಲ್ಲಿದ್ದೀರಿ? ಊಟ ಆದ ಮೇಲೆ ಮಗನ ಆಸ್ಪತ್ರೆ ಚೀಟಿಗಳನ್ನು ತನ್ನಿ, ಎಲ್ಲರೂ ಕೂತು ನೋಡೋಣ. ಚೀಟಿ ಆಮೇಲೆ ಆದೀತು. ಮೊದಲು ನಿಮ್ಮ ಮಗ ಕೈ ಮುರಿಯುವ ಮುಂಚೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿವರೆಗೆ ಏನೇನು ಕೆಲಸ ಮಾಡುತ್ತಿದ್ದ, ಅದನ್ನು ಒಂದೊಂದಾಗಿ ಹೇಳಬೇಕು. ನಮ್ಮ ಹುಡುಗಿ ಬರೆದುಕೊಳ್ಳುತ್ತಾಳೆ.